ನೂರಹನ್ನೆರಡನೇ ಬಾವಿ

ಮೋರ್ನ್ ಕಾಬ್ರೀ, ದಕ್ಷಿಣ ಟ್ರಿನಿಡಾಡ್
12 ಮಾರ್ಚ್ 1990

ಪ್ರೀತಿಯ ಜೋಫೀಲ್ಡ್ ಅಂಕಲ್,

ನಾನು ಶಂಕರ್ ಬೂಧೂ ಅವರ ಮಗಳು ರುಕ್ಮಿನ್. ಎಣ್ಣೆ ಕಂಪನಿಯ ಕ್ಯಾಂಪು ಮುಚ್ಚಿದಾಗ ನನಗೆ ಹನ್ನೆರಡು ವರ್ಷ. ಬಾವಿ ಕೊರೆಯುವಾಗ ಮೇಲೆ ಬಂದ ಕಲ್ಲಿನ ತುಂಡುಗಳನ್ನು ನೀವು ನನ್ನ ಮೂಗಿನ ಹತ್ತಿರ ಹಿಡಿದು "ಎಣ್ಣೆಯೋ ನೀರೋ ಹೇಳು" ಎಂದು ಕೇಳುತ್ತಿದ್ದದ್ದು ನೆನಪಿದೆ. ನಾನು ಯಾವಾಗಲೂ ಎಣ್ಣೆ ಎನ್ನುತ್ತಿದ್ದೆ. ನಿಮ್ಮ ವಿಳಾಸ ಸ್ಯಾನ್ ಫರ್ನಾಂಡೊದ ನಿವೃತ್ತರ ಸಂಘದಲ್ಲಿ ಸಿಕ್ಕಿತು.

ಕಂಪನಿ ಈಗ ತನಗೆ ಬೇಡವಾದ ಹಳೆಯ ಬಾವಿಗಳನ್ನು ನಮ್ಮಂಥವರಿಗೆ ಗುತ್ತಿಗೆಗೆ ಕೊಡುತ್ತಿದೆ. ನಾನು ಹನ್ನೊಂದು ವರ್ಷ ಅವರ ಉಗ್ರಾಣದಲ್ಲಿ ಗುಮಾಸ್ತೆಯಾಗಿದ್ದೆ. ಕಳೆದ ವರ್ಷ ನನ್ನನ್ನೂ ಇನ್ನೂ ಐದು ಜನರನ್ನೂ ಒಂದೇ ದಿನ ಮನೆಗೆ ಕಳಿಸಿದರು. ಆ ಆರು ಜನ ಸೇರಿ ಹಳೆಯ ಕ್ಯಾಂಪಿನ ಸುತ್ತಲಿನ ಏಳು ಬಾವಿಗಳನ್ನು ತೆಗೆದುಕೊಂಡಿದ್ದೇವೆ. ಡಿಸೆಂಬರ್ ಮುಗಿಯುವುದರೊಳಗೆ ಒಂದರಿಂದಲಾದರೂ ಎಣ್ಣೆ ತೆಗೆದು ತೋರಿಸಬೇಕು, ಇಲ್ಲದಿದ್ದರೆ ಏಳನ್ನೂ ಹಿಂದಿರುಗಿಸಬೇಕು. ಒಂದನ್ನು ತೆರೆಯುವಷ್ಟೇ ನಮಗಿರುವ ಶಕ್ತಿ.

ಅಪ್ಪ ಹಿಡಿದ ಹಟ ಒಂದೇ. "ನೂರಹನ್ನೆರಡನ್ನ ತೆಗೀರಿ. ಅದು ಸತ್ತಿಲ್ಲ. ಉಸಿರಾಡ್ತಿರೋದನ್ನ ಹೂತು ಹೋಗಿದಾರೆ." ಅದರ ಪಂಪನ್ನು ಒಂಬತ್ತು ವರ್ಷ ನೋಡಿಕೊಂಡವರು ಅವರು. ಕಂಪನಿಯ ಭೂವಿಜ್ಞಾನಿಯಾಗಿ ಅದು ಮುಗಿಯಿತು ಎಂದು ಬರೆದುಕೊಟ್ಟವರು ನೀವು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಅದು ನಿಜವಾಗಿ ಮುಗಿದಿತ್ತೇ?

ನಾನು ಬರೆದದ್ದು ಅಪ್ಪನಿಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ನಿಮ್ಮ ಹೆಸರು ಹೇಳಿ ಹತ್ತೊಂಬತ್ತು ವರ್ಷವಾಯಿತು.

ವಿಶ್ವಾಸದಿಂದ,
ರುಕ್ಮಿನ್

ಕಸ್ತಾರಾ, ಟೊಬೇಗೊ
2 ಏಪ್ರಿಲ್ 1990

ಪ್ರಿಯ ರುಕ್ಮಿನ್,

ಪತ್ರ ತಲುಪಿತು. ನೀನು ಗುಮಾಸ್ತೆಯಾಗಿ, ಈಗ ಬಾವಿಗಳ ಒಡತಿಯೂ ಆಗಿದ್ದೀಯೆ ಎಂದು ತಿಳಿದು ಸಂತೋಷ.

ನೂರಹನ್ನೆರಡರ ಎಣ್ಣೆ ಬರುತ್ತಿದ್ದದ್ದು ಮೂರು ಸಾವಿರದ ನಾನೂರು ಅಡಿ ಆಳದ ಮರಳಿನ ಪದರದಿಂದ. ಕೊನೆಯ ಎರಡು ವರ್ಷ ಅಲ್ಲಿಂದ ಬಂದದ್ದು ನೀರು. ಮೂರು ಸಲ ಪರೀಕ್ಷೆ ಮಾಡಿದ್ದೆ, ಮೂರು ಸಲವೂ ನೀರು. ಆ ಮರಳನ್ನು ಮತ್ತೆ ತೆರೆಯಬೇಡಿ.

ಇಲ್ಲಿ ನನ್ನ ದಿನ ಚೆನ್ನಾಗಿಯೇ ಸಾಗುತ್ತಿದೆ. ಬೆಳಿಗ್ಗೆ ಬಲೆ ಎಳೆಯುವವರ ಜೊತೆ ನಿಲ್ಲುತ್ತೇನೆ, ಸಂಜೆ ಅಂಗಡಿಯ ಮುಂದೆ ಕೂರುತ್ತೇನೆ. ಟ್ಯಾಕ್ಸಿ ಓಡಿಸುವ ಆಲ್ಫರ್ಡ್ ವಾರಕ್ಕೊಮ್ಮೆ ಕೇಳುತ್ತಾನೆ: "ಸಾರ್, ಈ ಎಣ್ಣೆ ಯಾವಾಗ ಖಾಲಿಯಾಗುತ್ತೆ? ಹೊಸ ಕಾರು ತಗೊಳ್ಲೋ, ಕತ್ತೆ ತಗೊಳ್ಲೋ?" ನಾನು ಕೆಲಸಕ್ಕೆ ಸೇರಿದಾಗ ಇನ್ನು ಮೂವತ್ತು ವರ್ಷಕ್ಕೆ ಆಗುವಷ್ಟು ಎಣ್ಣೆ ಇದೆ ಎನ್ನುತ್ತಿದ್ದರು. ಮೂವತ್ತು ವರ್ಷ ಆದ ಮೇಲೂ ಇನ್ನು ಮೂವತ್ತು ಎಂದರು. ಎರಡು ಸಲವೂ ಯಾರೂ ಸುಳ್ಳು ಹೇಳಲಿಲ್ಲ. ನಾವು ಎಣಿಸುವುದು ನೆಲದೊಳಗೆ ಇರುವುದನ್ನಲ್ಲ, ಇವತ್ತಿನ ಉಪಕರಣದಲ್ಲಿ, ಇವತ್ತಿನ ದರಕ್ಕೆ ಮೇಲೆ ತರಬಹುದಾದದ್ದನ್ನು. ಎಷ್ಟೋ ಬಾವಿಗಳಲ್ಲಿ ಮೂರರಲ್ಲಿ ಎರಡು ಪಾಲು ಕಲ್ಲಿನಲ್ಲೇ ಉಳಿದುಬಿಡುತ್ತದೆ. ಇದನ್ನು ಹೇಳಿದರೆ ಆಲ್ಫರ್ಡ್, "ಹಂಗಾದ್ರೆ ಕತ್ತೆನೇ ಸೈ" ಎಂದು ನಗುತ್ತಾನೆ.

ಶಂಕರನ ಆರೋಗ್ಯ ಹೇಗಿದೆ?

ನಿನ್ನ ಹಿತೈಷಿ,
ಎವರಾರ್ಡ್ ಜೋಫೀಲ್ಡ್

ಮೋರ್ನ್ ಕಾಬ್ರೀ
24 ಏಪ್ರಿಲ್ 1990

ಜೋಫೀಲ್ಡ್ ಅಂಕಲ್,

ಅಪ್ಪನಿಗೆ ಅರವತ್ತಾರು. ಮೊಣಕಾಲು ನೋವು ಬಿಟ್ಟರೆ ಗಟ್ಟಿಯಾಗಿದ್ದಾರೆ. ಕೆಸುವಿನ ಗಡ್ಡೆ, ಬೆಂಡೆ ಬೆಳೆದು ಶನಿವಾರ ಸಿಪಾರಿಯಾ ಸಂತೆಗೆ ಒಯ್ಯುತ್ತಾರೆ.

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಕೆಳಗಿನ ಮರಳಿನ ಬಗ್ಗೆ ಬರೆದಿದ್ದೀರಿ. ಸರ್ಕಾರದ ದಾಖಲೆ ಕೋಣೆಯಲ್ಲಿ ಕೂತು ನೂರಹನ್ನೆರಡರ ಕಡತವನ್ನೂ ನೋಡಿ ಬಂದೆ. ಕೆಳಗಿನ ಮರಳಿಗೆ ಹನ್ನೊಂದು ಪುಟ, ಮೂರು ಪರೀಕ್ಷೆ, ಎಲ್ಲ ನಿಮ್ಮ ದುಂಡು ಅಕ್ಷರ. ಅದರ ಮೇಲೆ, ಎರಡು ಸಾವಿರದ ನೂರೈವತ್ತು ಅಡಿಯಲ್ಲಿ ಇನ್ನೊಂದು ಮರಳಿದೆ. ಅದರ ಮುಂದೆ ಒಂದೇ ಪದ ಬರೆದಿದ್ದೀರಿ, "ನೀರು" ಎಂದು. ಪರೀಕ್ಷೆಯ ಹಾಳೆ ಇಲ್ಲ.

ಎಲ್ಲದಕ್ಕೂ ಹಾಳೆ ಇಡುತ್ತಿದ್ದವರು ನೀವು. ಇದಕ್ಕೆ ಯಾಕಿಲ್ಲ?

ಇನ್ನೊಂದು ಮಾತು. ನೀವು ಅಪ್ಪನನ್ನು ಕೇಳಿದಿರಿ. ಅಮ್ಮನನ್ನು ಕೇಳಲಿಲ್ಲ. ಪ್ರತಿ ಗುರುವಾರ ನಿಮ್ಮ ಆಫೀಸಿಗೆ ರೊಟ್ಟಿ, ಕುಂಬಳಕಾಯಿ ಪಲ್ಯ ಕಟ್ಟಿ ಕಳಿಸುತ್ತಿದ್ದವಳು ಅವಳು.

ರುಕ್ಮಿನ್

ಕಸ್ತಾರಾ
30 ಜೂನ್ 1990

ಪ್ರಿಯ ರುಕ್ಮಿನ್,

ಎರಡು ತಿಂಗಳು ತಡಮಾಡಿದೆ. ಬರೆದು ಹರಿದದ್ದೇ ಹೆಚ್ಚು.

1971ರಲ್ಲಿ ಪೂರ್ವದ ಕಡಲಿನಲ್ಲಿ ದೊಡ್ಡ ಎಣ್ಣೆ ಸಿಕ್ಕಿತ್ತು. ಎಲ್ಲರ ಕಣ್ಣೂ ಅತ್ತ. ನೆಲದ ಮೇಲಿನ ಹಳೆಯ ಬಾವಿಗಳನ್ನು ಬೇಗ ಮುಚ್ಚಿಬಿಡಬೇಕೆಂದು ಮೇಲಿನವರ ಆತುರ. ಒಂದೊಂದು ಬಾವಿಗೂ ಒಂದೊಂದು ಕಾಗದ ಬೇಕಿತ್ತು, ಕಾಗದ ಬರೆಯುವವನು ನಾನು.

ಆ ಮೇಲಿನ ಮರಳು ಹದಿನೆಂಟು ಅಡಿ ದಪ್ಪ. ಅದರಲ್ಲಿ ಜೇಡಿಯ ಪದರಗಳು ಸೇರಿಕೊಂಡಿವೆ. ಬಾವಿಯೊಳಗೆ ವಿದ್ಯುತ್ ಹಾಯಿಸಿ ಅಳೆದ ಗೆರೆ ಅಲ್ಲಿ ಎಣ್ಣೆಯ ಹಾಗೂ ಇರಲಿಲ್ಲ, ನೀರಿನ ಹಾಗೂ ಇರಲಿಲ್ಲ. ಜೇಡಿ ಬೆರೆತರೆ ಹಾಗೆ ಮೋಸ ಮಾಡುತ್ತದೆ. ನಾಲ್ಕು ದಿನ ಪರೀಕ್ಷೆ ಮಾಡಲು ಬಿಡಿ ಎಂದು ಮುಖ್ಯಸ್ಥರ ಹತ್ತಿರ ಹೋದೆ. ಅವರು ಪೈಪು ಕೆಳಗಿಟ್ಟು ಹೇಳಿದರು: "ಜೋಫೀಲ್ಡ್, ಅನುಮಾನ ಇದ್ದರೆ ಅನುಮಾನ ಅಂತಲೇ ಬರಿ. ಆಮೇಲೆ ಈ ಕುರ್ಚಿಗೆ ನಿಮ್ಮ ದ್ವೀಪದವರು ಸಾಲ್ತಾರಾ ಇಲ್ಲವಾ ಅಂತ ಮೇಲಿನವರು ಯೋಚನೆ ಮಾಡ್ತಾರೆ."

ಬಿಳಿಯರ ಆ ಕೋಣೆಯಲ್ಲಿ ಕುರ್ಚಿ ಸಿಕ್ಕ ಮೊದಲ ಕರಿಯ ನಾನು. ಮೇಜಿಗೆ ಮರಳಿ ಬಂದು "ನೀರು" ಎಂದು ಬರೆದೆ.

ಮಾರನೆಯ ದಿನ ನಿನ್ನ ಅಪ್ಪ ಬಂದ. ಕೆಳಗಿನ ಮರಳಿನಲ್ಲಿ ಇನ್ನೂ ಎಣ್ಣೆ ಇದೆ ಎಂದು ವಾದಕ್ಕೆ ನಿಂತ. ಇಲ್ಲ ಎಂದೆ. ಅದು ನಿಜವಾಗಿತ್ತು. ಅವನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟೆ, ಕೇಳದೆ ಇದ್ದದ್ದನ್ನು ನುಂಗಿಕೊಂಡೆ. ಅವನು ಬಿಡದೆ ಮಾತು ಬೆಳೆಸಿದಾಗ ಹತ್ತು ಜನರ ಎದುರು ಅಂದುಬಿಟ್ಟೆ: "ಗ್ರೀಸ್ ಹಚ್ಚೋನು ನೀನು. ನೆಲದೊಳಗೆ ಏನಿದೆ ಅಂತ ನಂಗೆ ಹೇಳಿಕೊಡಬೇಡ." ಅವನು ಟೋಪಿ ಹಾಕಿಕೊಂಡು ಹೊರಗೆ ಹೋದ. ಬಾವಿ ಮುಚ್ಚಿತು, ಮುಂದಿನ ತಿಂಗಳು ಕ್ಯಾಂಪಿನ ಮನೆಗಳ ನೀರು, ದೀಪ ಕಡಿದರು. ಹತ್ತೊಂಬತ್ತು ಸಂಸಾರಗಳು ಗಂಟು ಮೂಟೆ ಕಟ್ಟಿದವು.

ಎರಡು ವರ್ಷ ಕಳೆದ ಮೇಲೆ ಎಣ್ಣೆಯ ದರ ನಾಲ್ಕು ಪಟ್ಟಾಯಿತು. ಆಗ ಕೇಳಿದ್ದರೆ ನಾಲ್ಕು ದಿನವಲ್ಲ, ನಾಲ್ಕು ತಿಂಗಳು ಕೊಡುತ್ತಿದ್ದರು. ಎಣ್ಣೆ ಇದ್ದಿದ್ದರೆ ಇದ್ದಲ್ಲೇ ಇತ್ತು. ಬಾವಿಯ ಬಾಯಿಗೆ ಮಾತ್ರ ಸಿಮೆಂಟು ಬಿದ್ದಿತ್ತು, ನನ್ನ ಬಾಯಿಗೂ.

ನೀನು ತೆಗೆಯುವುದಾದರೆ ಮೇಲಿನ ಮರಳನ್ನು ತೆಗೆ. ಎಣ್ಣೆ ಇದೆ ಎಂದು ಹೇಳುತ್ತಿಲ್ಲ. ನನಗೆ ಗೊತ್ತಿಲ್ಲ. ಅವತ್ತು ಬರೆಯಬೇಕಾಗಿದ್ದದ್ದು ಇಷ್ಟೇ.

ನಿನ್ನ ಅಮ್ಮ ಕೌಸಿಲ್ ತೀರಿಕೊಂಡದ್ದನ್ನು 1975ರಲ್ಲಿ ಪತ್ರಿಕೆಯಲ್ಲಿ ನೋಡಿದೆ. ಕಪ್ಪು ಕೋಟು ಹಾಕಿಕೊಂಡು ನಿಮ್ಮೂರಿನ ಕೂಡುರಸ್ತೆಯ ತನಕ ಬಂದೆ. ಅಲ್ಲಿಂದ ವಾಪಸು ಹೋದೆ.

ಈ ಪತ್ರವನ್ನು ಶಂಕರನಿಗೆ ಓದಿ ಹೇಳಬಹುದು.

ಎವರಾರ್ಡ್ ಜೋಫೀಲ್ಡ್

ಮೋರ್ನ್ ಕಾಬ್ರೀ
22 ಆಗಸ್ಟ್ 1990

ಜೋಫೀಲ್ಡ್ ಅಂಕಲ್,

ರಾಜಧಾನಿಯ ಗಲಭೆ, ಕರ್ಫ್ಯೂ ಎಲ್ಲ ಸೇರಿ ಅಂಚೆಯೇ ನಿಂತುಹೋಗಿತ್ತು. ನಾವು ಕ್ಷೇಮ. ನೀವೂ ಹಾಗೇ ಇದ್ದೀರಿ ಎಂದುಕೊಂಡಿದ್ದೇನೆ.

ಅಪ್ಪ ಅಂಗಳದಲ್ಲಿ ಮರಗೆಣಸು ಸುಲಿಯುತ್ತಿದ್ದಾಗ ಪತ್ರ ಓದಿದೆ. ಯಾರ ಪತ್ರ ಎಂದು ಮೊದಲೇ ಹೇಳಿದೆ. ಏಳಲಿಲ್ಲ, ಬೇಡ ಎನ್ನಲೂ ಇಲ್ಲ. ಮುಗಿದ ಮೇಲೆ, "ಕೆಳಗಿನ ಮರಳಿಂದು ಇನ್ನೊಂದು ಸಲ ಓದು" ಎಂದರು. ಓದಿದೆ.

"ಹಂಗಾದ್ರೆ ನಾನೂ ಇಷ್ಟು ವರ್ಷ ಸುಳ್ಳು ಹೇಳ್ಕೊಂಡು ಬಂದೆ."

"ಸುಳ್ಳಲ್ಲಪ್ಪ. ತಪ್ಪು ತಿಳ್ಕೊಂಡಿದ್ರಿ."

"ಹತ್ತೊಂಬತ್ತು ವರ್ಷ ತಪ್ಪು ತಿಳ್ಕೊಂಡ್ರೆ ಅದಕ್ಕೆ ಬೇರೆ ಏನೋ ಹೆಸರಿರಬೇಕು ಕಣೆ."

ಅಮ್ಮನ ವಿಷಯ ಬರೆದ ಸಾಲುಗಳನ್ನು ಅವರು ಮತ್ತೆ ಓದಿಸಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಕೈ ತೊಳೆದರು. ತುಂಬ ಹೊತ್ತು ತೊಳೆದರು.

ಕುವೈತಿನ ಗಲಾಟೆಯಿಂದ ದರ ಏರುತ್ತಿರುವುದು ನಿಮಗೆ ಗೊತ್ತೇ ಇದೆ. ನಮ್ಮ ಆರು ಜನರಲ್ಲಿ ದಿನಾ ಅದೇ ಜಗಳ. ಪ್ಯಾಸ್ಕಲ್ ನಮ್ಮಲ್ಲಿ ಹಿರಿಯ, ಅವನಿಗೆ ತೊಂಬತ್ತೆಂಟನೇ ಬಾವಿಯೇ ಬೇಕು. ಅಲ್ಲಿ ದಿನಕ್ಕೆ ಒಂದೆರಡು ಪೀಪಾಯಿಯಾದರೂ ಖಂಡಿತ ಇದೆ, ಗುತ್ತಿಗೆ ಉಳಿಯುತ್ತದೆ ಎಂಬ ಲೆಕ್ಕ. "ದರ ಏರಿದೆ, ಕೈಗೆ ಸಿಕ್ಕಿದ್ದನ್ನ ಬೇಗ ತೆಗೀರಿ" ಎನ್ನುತ್ತಾನೆ. ಕೊರೆಯುವ ಕೆಲಸದ ಹೋಸೇನ್, "ಇವತ್ತಿನ ದರ ನೋಡಿ ಬಾವಿ ತೆಗೆದ್ರೆ, ನಾಳೆ ದರ ಬಿದ್ದಾಗ ಅದೇ ಬಾವಿಗೆ ಹಾರ್‍ಕೋಬೇಕಾಗುತ್ತೆ. ಒಂದೆರಡು ಪೀಪಾಯಲ್ಲಿ ಆರು ಮನೆ ನಡೆಯುತ್ತಾ?" ಎನ್ನುತ್ತಾನೆ. ಕೈ ಎತ್ತಿಸಿದರೆ ಮೂರು ಮೂರು.

ಕೊನೆಗೆ ಹೋಸೇನ್ ಅಪ್ಪನನ್ನೇ ಕರೆದು ಕೇಳಿದ. "ಶಂಕರ್ ಚಾಚಾ, ಆ ಮನುಷ್ಯನ ಮಾತು ನಂಬಬಹುದಾ?"

ಅಪ್ಪ ನಿಂತೇ ಹೇಳಿದರು. "ಅವನ ಮೇಲೆ ನಂಗೆ ಕೋಪ ಇದೆ. ಅನುಮಾನ ಇಲ್ಲ. ಎರಡೂ ಬೇರೆ ಬೇರೆ. ಅವನು ಹದಿನೆಂಟು ಅಡಿ ಅಂದ್ರೆ ಹದಿನೆಂಟೇ ಇರುತ್ತೆ, ಹದಿನೇಳೂವರೆ ಇರಲ್ಲ. ನಂಗೊತ್ತಿಲ್ಲ ಅಂತ ಬರೆದಿದಾನೆ ನೋಡಿ, ಅದನ್ನ ಬರೆಯೋಕೆ ಅವನಿಗೆ ಎಷ್ಟು ಕಷ್ಟ ಆಗಿರುತ್ತೆ ಅಂತ ನಂಗೊತ್ತು."

ಪ್ಯಾಸ್ಕಲ್ ಟೋಪಿ ತಿರುಗಿಸುತ್ತಾ ಕೂತಿದ್ದವನು, "ಸರಿ, ಇನ್ನೊಂದು ಸಲ ಕೈ ಎತ್ತಿ" ಎಂದ. ನಾಲ್ಕು ಎರಡು. ನವೆಂಬರಿನಲ್ಲಿ ನೂರಹನ್ನೆರಡನ್ನು ತೆರೆಯುತ್ತೇವೆ.

ರುಕ್ಮಿನ್

ಕಸ್ತಾರಾ
3 ಅಕ್ಟೋಬರ್ 1990

ಪ್ರಿಯ ರುಕ್ಮಿನ್,

ಸಿಮೆಂಟು ಒಡೆದ ಮೇಲೆ ಎರಡು ಸಾವಿರದ ಇನ್ನೂರಕ್ಕಿಂತ ಕೆಳಗೆ ಇಳಿಯಬೇಡಿ. ಅಲ್ಲಿ ಹೊಸದಾಗಿ ಮುಚ್ಚಳ ಹಾಕಿ, ಇಲ್ಲದಿದ್ದರೆ ಕೆಳಗಿನ ನೀರು ನುಗ್ಗುತ್ತದೆ. ಪೈಪಿಗೆ ತೂತು ಹೊಡೆಯುವುದನ್ನು ಮರಳಿನ ಮೇಲಿನ ಹತ್ತು ಅಡಿಗೆ ಮಾತ್ರ ಇಟ್ಟುಕೊಳ್ಳಿ. ಮೊದಲು ನೀರು ಬರುತ್ತದೆ. ಹೆದರಬೇಡಿ. ನಾಲಿಗೆಗೆ ಹಚ್ಚಿ ನೋಡಿ. ಉಪ್ಪು ಕಡಿಮೆಯಿದ್ದರೆ ಅದು ಹಿಂದೆ ಕೊರೆಯುವಾಗ ಒಳಗೆ ಹೋದ ನೀರು, ಕಲ್ಲಿನದಲ್ಲ. ಅದು ಖಾಲಿಯಾಗುವ ತನಕ ಕಾಯಬೇಕು.

ಎಣ್ಣೆ ಬರದಿದ್ದರೂ ಬರೆ. ನಿಮ್ಮ ಗುತ್ತಿಗೆ ಹೋದರೆ ಅದರಲ್ಲಿ ನನ್ನದೂ ಪಾಲಿದೆ. ಶಂಕರ ನನ್ನ ಬಗ್ಗೆ ಹೇಳಿದ್ದನ್ನು ನೀನು ಬರೆದೆ. ಆ ಹಾಳೆಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.

ಜೋಫೀಲ್ಡ್

ಮೋರ್ನ್ ಕಾಬ್ರೀ
9 ಡಿಸೆಂಬರ್ 1990

ಜೋಫೀಲ್ಡ್ ಅಂಕಲ್,

ಬಾಡಿಗೆ ಯಂತ್ರ ನಮಗೆ ಸಿಕ್ಕಿದ್ದು ಹತ್ತು ದಿನಕ್ಕೆ. ಸಿಮೆಂಟು ಒಡೆದು ಮುಚ್ಚಳ ಹಾಕಿ ತೂತು ಹೊಡೆಯುವುದರಲ್ಲಿ ನಾಲ್ಕು ದಿನ ಕಳೆಯಿತು. ಉಳಿದದ್ದು ಆರು.

ಮೊದಲನೆಯ ದಿನ ನೀರು. ಎರಡನೆಯ ದಿನ ನೀರು. ಮೂರನೆಯ ದಿನ ಹೋಸೇನ್ ನಗೆಚಾಟಿಕೆ ನಿಲ್ಲಿಸಿದ. ನಾಲ್ಕನೆಯ ದಿನವೂ ನೀರೇ ಬಂದಾಗ ಪ್ಯಾಸ್ಕಲ್, "ನಮ್ಮ ಪುಣ್ಯಕ್ಕೆ ಕುಡಿಯೋಕಾದ್ರೂ ಆಗಿದ್ರೆ ಮಾರಬಹುದಿತ್ತು" ಎಂದು ಹೇಳಿ ಟೋಪಿ ಹಾಕಿಕೊಂಡು ಮನೆಗೆ ಹೊರಟ. ನಾನು ತಡೆಯಲಿಲ್ಲ. ತೊಂಬತ್ತೆಂಟಕ್ಕೆ ಹೋಗಬೇಕಿತ್ತು ಎಂದು ನನಗೂ ಅನ್ನಿಸಿತ್ತು.

ಅಪ್ಪ ಬಕೆಟ್ಟು ಬೋರಲು ಹಾಕಿ ಬಾವಿಯ ಪಕ್ಕದಲ್ಲೇ ಕೂತಿದ್ದರು. ಗಂಟೆಗೊಮ್ಮೆ ಬೆರಳು ಅದ್ದಿ ನಾಲಿಗೆಗೆ ಹಚ್ಚುವುದು, ಉಗುಳುವುದು. ಐದನೆಯ ದಿನ ಮಧ್ಯಾಹ್ನ, "ಉಪ್ಪು ಜಾಸ್ತಿ ಆಯ್ತು" ಎಂದರು. ಇನ್ನು ಬರೀ ನೀರೇ ಎಂದುಕೊಂಡೆ. ಅವರು ಬೆರಳನ್ನು ನನ್ನ ಮುಖದ ಹತ್ತಿರ ಹಿಡಿದರು. "ಇದು ಕಲ್ಲಿನ ನೀರು. ಕಲ್ಲು ಬಾಯಿಬಿಟ್ಟಿದೆ. ಯಾರೂ ಮನೆಗೆ ಹೋಗಬೇಡಿ."

ಆರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಬಂತು. ಮೊದಲು ನೀರಿನ ಮೇಲೆ ಕಂದು ಗೆರೆ, ಆಮೇಲೆ ನೀರಿಗಿಂತ ಅದೇ ಹೆಚ್ಚು. ಈಗ ದಿನಕ್ಕೆ ಹದಿನಾಲ್ಕು ಪೀಪಾಯಿ ಬರುತ್ತಿದೆ, ಜೊತೆಗೆ ಅಷ್ಟೇ ನೀರು. ಕಡಲಿನ ಬಾವಿಗಳು ಇಷ್ಟನ್ನು ನಾವು ಚಹಾ ಕುಡಿಯುವಷ್ಟರಲ್ಲಿ ಕೊಡುತ್ತವೆ. ಆದರೂ ಗುತ್ತಿಗೆ ಉಳಿಯಿತು. ಆರು ಮನೆಗೆ ಸಾಲುತ್ತದೆ. ಪ್ಯಾಸ್ಕಲ್ ಹೆಂಡತಿಯ ಜೊತೆ ಬಂದು ಬಾವಿ ತೋರಿಸಿ, ಮೊದಲಿನಿಂದಲೂ ತನಗೆ ಗೊತ್ತಿತ್ತು ಎಂದು ಹೇಳಿಕೊಂಡ.

ಅಪ್ಪ ಇವತ್ತು ಮನೆಗೆ ಬಂದು ಸ್ನಾನ ಮಾಡಿ, ಬರೆಯೋಕೆ ಹಾಳೆ ಕೊಡು ಎಂದರು. ಅದನ್ನು ಇದರಲ್ಲೇ ಇಟ್ಟಿದ್ದೇನೆ. ನಾನು ಓದಿಲ್ಲ.

ರುಕ್ಮಿನ್

ಮೋರ್ನ್ ಕಾಬ್ರೀ
ಅದೇ ದಿನ

ಎವರಾರ್ಡ್,

ನಾನು ಮಾತಾಡೋ ಹಾಗೇ ಬರೀತೀನಿ. ಬೇರೆ ರೀತಿ ಬರೆದು ಅಭ್ಯಾಸ ಇಲ್ಲ.

ಕೆಳಗಿನ ಮರಳಿನ ಬಗ್ಗೆ ನೀನು ಹೇಳಿದ್ದು ಸರಿ. ನಾನು ಹೇಳಿದ್ದು ತಪ್ಪು. ಇದನ್ನ ಊರಿನವರಿಗೆಲ್ಲ ಹೇಳಿದೀನಿ, ನಿಂಗೂ ಹೇಳಬೇಕಿತ್ತು.

ಇನ್ನೊಂದು. ಐದನೇ ದಿನದ ತನಕ ನಮಗೂ ಬರೀ ನೀರು ಬಂತು. ನೀನು ಕೇಳಿದ್ದು ನಾಲ್ಕು ದಿನ. ಅವತ್ತು ಅದನ್ನ ಕೊಟ್ಟಿದ್ರೂ ನೀನು ನೀರು ಅಂತಲೇ ಬರೀತಿದ್ದೆ. ಕ್ಯಾಂಪು ಹೋಗೋದು ಹೋಗ್ತಿತ್ತು. ಇದು ನಿಂಗೆ ಗೊತ್ತಾಗಲಿ ಅಂತ ಬರೆದೆ. ಇದರಿಂದ ಎಲ್ಲ ಸರಿಹೋಯ್ತು ಅಂದ್ಕೋಬೇಡ. ಪರೀಕ್ಷೆ ಮಾಡಿ ತಪ್ಪಿದ್ರೆ ಒಂದು, ಹೆದರಿ ಬರೆದ್ರೆ ಒಂದು. ಹತ್ತು ಜನರ ಎದುರು ಅಂದ ಮಾತು ಇನ್ನೊಂದು.

ಕೂಡುರಸ್ತೆ ತನಕ ಬಂದೋನು ಮನೆ ತನಕ ಬರಬೇಕಿತ್ತು. ಬಂದಿದ್ರೆ ಹೊಡೀತಿದ್ದೆ. ಆದ್ರೂ ಬರಬೇಕಿತ್ತು.

ಶಂಕರ್

ಕಸ್ತಾರಾ
18 ಫೆಬ್ರವರಿ 1991

ಪ್ರಿಯ ರುಕ್ಮಿನ್,

ನೀನು ಆತಂಕ ಪಡುತ್ತಿರಬಹುದೆಂದು ಕೂಡಲೇ ಬರೆಯುತ್ತಿದ್ದೇನೆ. ನಿನ್ನ ಅಪ್ಪ ಕ್ಷೇಮ.

ಗುರುವಾರ ಸ್ಕಾರ್ಬರೋ ಬಂದರಿನಲ್ಲಿ ಹಡಗಿನಿಂದ ಇಳಿದಾಗ ಮುಖ ಹಸಿರಾಗಿತ್ತು. ಐದು ತಾಸು ವಾಂತಿ ಮಾಡಿಕೊಂಡು ಬಂದಿದ್ದ. ನನ್ನನ್ನು ನೋಡಿ ಹೇಳಿದ ಮೊದಲ ಮಾತು, "ಮುದುಕ ಆಗಿದೀಯ." ಎರಡನೆಯ ಮಾತು, "ಕೂರೋಕೆ ಎಲ್ಲಾದ್ರೂ ಜಾಗ ಇದೆಯಾ?" ಆಲ್ಫರ್ಡನ ಟ್ಯಾಕ್ಸಿಯಲ್ಲಿ ಮನೆಗೆ ಬಂದೆವು. ಕುವೈತಿನ ಯುದ್ಧ ಶುರುವಾದ ಮೇಲೆ ಎಣ್ಣೆಯ ದರ ಏರುವುದು ಬಿಟ್ಟು ಬಿದ್ದದ್ದು ಯಾಕೆ ಎಂದು ಆಲ್ಫರ್ಡ್ ದಾರಿಯುದ್ದಕ್ಕೂ ನನ್ನನ್ನು ಕೇಳಿದ. ಶಂಕರ ಹಿಂದಿನ ಸೀಟಿನಿಂದ, "ಅವನನ್ನ ಕೇಳಬೇಡಪ್ಪ, ನಾಲ್ಕು ದಿನ ಟೈಮು ಕೊಡು ಅಂತಾನೆ" ಎಂದ. ಆಲ್ಫರ್ಡನಿಗೆ ಅರ್ಥವಾಗಲಿಲ್ಲ. ನನಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಅವನೇ ಮೊದಲು ನಕ್ಕ.

ಎರಡು ದಿನ ಮೀನಿನ ದೋಣಿ ನೋಡಿದೆವು. ನನ್ನ ಅಡುಗೆಯಲ್ಲಿ ಉಪ್ಪು ಕಡಿಮೆ ಎಂದ. ಹಿತ್ತಲ ಬಾಗಿಲಿನ ಕೀಲು ಸರಿಮಾಡಿದ. ಶನಿವಾರ ಬೆಳಿಗ್ಗೆ ತಟ್ಟೆಯ ಮುಂದೆ ಕೂತಾಗ ನೇರವಾಗಿ ಹೇಳಿದ: "ಕ್ಷಮಿಸಿಬಿಟ್ಟೆ ಅಂದ್ಕೋಬೇಡ. ನೋಡಿಕೊಂಡು ಹೋಗೋಣ ಅಂತ ಬಂದೆ, ಅಷ್ಟೆ." ಸರಿ ಎಂದೆ. ಇನ್ನೊಂದು ತುಂಡು ಮೀನು ಕೇಳಿ ಹಾಕಿಸಿಕೊಂಡ.

ನಿನ್ನೆ ಭಾನುವಾರ ಹೊರಡಬೇಕಾಗಿತ್ತು. ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟುಕೊಂಡು ಚಹಾ ಕುಡಿಯುತ್ತಿದ್ದ. ಆಗ ನಾನು ಕೌಸಿಲ್ ಬಗ್ಗೆ ಕೇಳಿದೆ. ಕ್ಯಾಂಪು ಬಿಟ್ಟ ಮೇಲೆ ಹೇಗಿದ್ದಳು, ಏನಾಯಿತು, ಕೊನೆಗೆ ಯಾರಿದ್ದರು ಎಂದು. ಹದಿನಾರು ವರ್ಷ ತಡವಾಗಿ ಕೇಳಿದ್ದು. ಅವನು ಲೋಟ ಕೆಳಗಿಟ್ಟ. ಹೇಳಲು ಶುರುಮಾಡಿದ.

ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನಿನಗೆ ಗೊತ್ತಿರುವುದೇ ಇರಬೇಕು, ಕೆಲವು ಗೊತ್ತಿಲ್ಲದ್ದೂ ಇರಬಹುದು. ಅವನು ಹೇಳಿ ಮುಗಿಸುವಾಗ ಬಿಸಿಲು ಮೆಟ್ಟಿಲಿಳಿದು ಅಂಗಳ ದಾಟಿತ್ತು. ಆಲ್ಫರ್ಡ್ ಎರಡು ಸಲ ಹಾರ್ನ್ ಹೊಡೆದು, ಉತ್ತರ ಬಾರದೆ ಹೋಗಿಬಿಟ್ಟಿದ್ದ.

"ಹಡಗು ಹೋಯ್ತಲ್ಲ ಶಂಕರ" ಎಂದೆ.

"ಬುಧವಾರ ಇನ್ನೊಂದಿದೆ" ಎಂದು ಅವನು ಚೀಲವನ್ನು ಒಳಗೆ ತಂದಿಟ್ಟ.

ನಿನ್ನ,
ಎವರಾರ್ಡ್ ಅಂಕಲ್